ಮಾಯಪ್ಪ ಮತ್ತು ಒಂದು ಮೊಳ

ಬೆಳಗಾವಿ ಜಿಲ್ಲೆಯಲ್ಲಿ ಗೋಡೆ ಮತ್ತು ಆವರಣಗಳ ಉಪವಿಭಾಗದಿಂದ ಇನ್ನು ಮುಂದೆ ಕಟ್ಟಲಾಗುವ ಎಲ್ಲ ಗೋಡೆಗಳ ಎತ್ತರವು ಖಾನಾಪುರ ತಾಲ್ಲೂಕು ಪಾರಿಶ್ವಾಡದ ಕುರಿಗಾಹಿ ಮಾಯಪ್ಪ ಎಂಬುವರು ರುಮಾಲು ಸಮೇತ ನಿಂತಷ್ಟು, ಮೇಲೆ ಒಂದು ಮೊಳ ಇರತಕ್ಕದ್ದೆಂದೂ, ಸದರಿ ಮಾಯಪ್ಪನವರು ಕಚೇರಿ ವೇಳೆಯಲ್ಲಿ ಕುಳಿತುಕೊಳ್ಳತಕ್ಕದ್ದಲ್ಲವೆಂದೂ ಆದೇಶ ಹೊರಟಿದೆ. ಆದೇಶದ ಪ್ರತಿಯನ್ನು ಮಾಯಪ್ಪನವರಿಗೆ ನಿಂತಲ್ಲೇ ಜಾರಿ ಮಾಡಲಾಗಿದೆ.

ಇದರಲ್ಲಿ ನಗುವಂಥದ್ದು ಏನೂ ಇಲ್ಲ. ನಗುವವರು ಹೊರಗೆ ಹೋಗಿ ನಗಬೇಕೆಂದು ಕಚೇರಿಯ ಬಾಗಿಲಿಗೆ ಚೀಟಿ ಅಂಟಿಸಲಾಗಿದೆ. ಅಂಟಿಸಿದವನು ನಾನೇ. ಇಪ್ಪತ್ತಾರು ವರ್ಷಗಳಿಂದ ಈ ಉಪವಿಭಾಗದಲ್ಲಿ ನಕ್ಷೆ ಬರೆಯುತ್ತಿರುವ ತಮ್ಮಣ್ಣನೆಂಬ ನನ್ನ ಮಾತಿನಲ್ಲಿ ಮುಕ್ಕಾಲು ಪಾಲು ಖರೇ ಇರುತ್ತದೆ. ಉಳಿದ ಕಾಲು ಪಾಲು ಅದಕ್ಕಿಂತ ಹೆಚ್ಚು ಖರೇ.

ಎಲ್ಲ ಶುರುವಾದದ್ದು ಮಾಯಪ್ಪನವರ ಒಂದು ಅರ್ಜಿಯಿಂದ. ಅರ್ಜಿ ಹೀಗಿತ್ತು:

"ನಮ್ಮ ಕುರಿದೊಡ್ಡಿಗೆ ಜಾಲಿಮುಳ್ಳಿನ ಬೇಲಿ ಐತಿ. ತೋಳ ಬೇಲಿ ದಾಟಿ ಬರತೈತಿ. ಹೋದ ಮಳಿಗಾಲದಾಗ ಏಳು ಮರಿ ಒಯ್ದೈತಿ. ಆಳೆತ್ತರ, ಮ್ಯಾಲೊಂದು ಮೊಳ, ಕಲ್ಲಿನ ಗ್ವಾಡಿ ಕಟ್ಟಿಸಿ ಕೊಡಬೇಕು. ಮಳಿ ಹಿಡಿಯೂದರಾಗ ಆಗಬೇಕು."

ಎರಡು ತಲೆಮಾರಿನ ಹಿಂದೆ ಇಂಥ ಅರ್ಜಿ ಬಂದಿದ್ದರೆ ಗೌಂಡಿ ಹೋಗಿ ತಾನೇ ಆಳಾಗಿ ನಿಂತು, ಕೈಯಿಂದ ಮೊಳ ಹಾಕಿ, ಗೋಡೆ ಎಬ್ಬಿಸಿ ಬಂದುಬಿಡುತ್ತಿದ್ದ. ಈಗ ಹಾಗಿಲ್ಲ. ಯಾವ ಗೋಡೆಯನ್ನಾಗಲಿ ಮೊದಲು ಕಂಪ್ಯೂಟರಿನೊಳಗೆ ಎಬ್ಬಿಸಿ, ಸುತ್ತ ತಿರುಗಿಸಿ ನೋಡಿ, ಅದು ಬೀಳುವುದಿಲ್ಲವೆಂದು ಖಾತ್ರಿಯಾದ ಮೇಲೆ ನೆಲದ ಮೇಲೆ ಕಟ್ಟಬೇಕೆಂಬ ನಿಯಮ ಬಂದಿದೆ. ಅದಕ್ಕೊಂದು ತಂತ್ರಾಂಶವೂ ಬಂದಿದೆ. ಅದನ್ನು ನಡೆಸಲು ಪೂರ್ಣಿಮಾ ಎಂಬ ಕಿರಿಯ ಇಂಜಿನಿಯರೂ ಬಂದಿದ್ದಾಳೆ. ಕೆಲಸ ಗೊತ್ತಿರುವ ಹುಡುಗಿ. ಹಾಗಾಗಿ ಮೊದಲ ದಿನದಿಂದಲೇ ಎಲ್ಲರಿಗೂ ಅವಳ ಮೇಲೆ ಅನುಮಾನ.

ಉಪವಿಭಾಗದ ಮುಖ್ಯಸ್ಥರಾದ ಗುರುಪಾದಪ್ಪ ಸಾಹೇಬರು ಅವಳ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಪರದೆಯ ಮೇಲೆ ದೊಡ್ಡಿಯ ಗೋಡೆ ನಾಲ್ಕು ಗೆರೆಯಾಗಿ ಮಲಗಿತ್ತು.

"ಎಬ್ಬಸ್ರಿ," ಅಂದರು ಸಾಹೇಬರು.

"ಎತ್ತರ ಕೇಳಾಕತ್ತೈತ್ರಿ ಸರ್. ಒಂದಾರ ಅಂಕಿ ಹಾಕಬೇಕು. ಇಲ್ಲಾಂದ್ರ ಒಂದು ಮಟ್ಟ ಮಾಡಿ, ಗ್ವಾಡಿ ತಲಿ ಆ ಮಟ್ಟಕ್ಕ ಕಟ್ಟಬೇಕು."

"ಎರಡಕ್ಕೂ ಫರಕ್ ಏನು?"

"ಅಂಕಿ ಹಾಕಿದ್ರ ಗ್ವಾಡಿ ಅಷ್ಟಕ್ಕ ನಿಂದರತೈತ್ರಿ. ಮಟ್ಟಕ್ಕ ಕಟ್ಟಿದ್ರ, ಮಟ್ಟ ಏರಿದ್ರ ಗ್ವಾಡಿ ಏರತೈತಿ, ಇಳದ್ರ ಇಳಿತೈತಿ."

"ಅದಲ್ಲ ನಾ ಕೇಳಿದ್ದು. ಅಂಕಿ ಹಾಕಿದ್ರ ಜವಾಬ್ದಾರಿ ಯಾರದು?"

"ಹಾಕಿದವ್ರದು ರೀ."

"ಮಟ್ಟಕ್ಕ ಕಟ್ಟಿದ್ರ?"

ಪೂರ್ಣಿಮಾ ಸ್ವಲ್ಪ ಯೋಚಿಸಿದಳು. "ಮಟ್ಟದ್ದು ರೀ."

"ಹಂಗಾರ ಮಟ್ಟಕ್ಕ ಕಟ್ರಿ," ಅಂದರು ಸಾಹೇಬರು. ಮೂವತ್ತೊಂದು ವರ್ಷ ಸೇವೆ ಮಾಡಿ ಒಂದೂ ಮೆಮೋ ಪಡೆಯದ ಅಧಿಕಾರಿ ಅವರು. ಯಾವ ಕಾಗದದ ಮೇಲೂ ತಮ್ಮ ಕೈಯಾರೆ ಒಂದು ಅಂಕಿ ಬರೆದವರಲ್ಲ. ಪಗಾರದ ಸಹಿಯ ಕೆಳಗೆ ತಾರೀಖು ಹಾಕುವುದೂ ನಾನೇ.

ಆದರೆ ಮಟ್ಟ ಎಷ್ಟರಲ್ಲಿ ಇರಬೇಕು? ಅರ್ಜಿಯಲ್ಲಿ ಆಳೆತ್ತರ ಎಂದಿದೆ. ಅರ್ಜಿದಾರರ ಮಾತನ್ನು ತಿದ್ದುವಂತಿಲ್ಲ. ಐದೂವರೆ ಅಡಿ ಹಿಡಿಯೋಣ ಎಂದು ಪೂರ್ಣಿಮಾ ಅಂದಾಗ ಸಾಹೇಬರು ಕೇಳಿದ ಪ್ರಶ್ನೆ ಉಪವಿಭಾಗದ ಇತಿಹಾಸದಲ್ಲಿ ಉಳಿಯುವಂಥದ್ದು. "ಯಾವ ಆಳು?"

ಉತ್ತರ ಹುಡುಕಿಕೊಂಡು ಜೀಪು ಪಾರಿಶ್ವಾಡಕ್ಕೆ ಹೋಯಿತು. ಅರ್ಜಿದಾರನೇ ಆಳು ಎಂದು ದಾರಿಯಲ್ಲಿ ತೀರ್ಮಾನವಾಯಿತು. ಮಾಯಪ್ಪನವರು ಎಪ್ಪತ್ತರ ಆಸುಪಾಸಿನ ನೆಟ್ಟನೆಯ ಮನುಷ್ಯ. ದೊಡ್ಡಿಯ ಕಂಬಕ್ಕೆ ಬೆನ್ನು ಕೊಟ್ಟು ನಿಂತರು.

"ಅಜ್ಜಾ, ರುಮಾಲು ತಗೀರಿ," ಅಂದಳು ಪೂರ್ಣಿಮಾ, ಟೇಪು ಹಿಡಿದು.

"ತಲಿ ಬೇಕಾದ್ರ ತಗದೇನು, ಮಂದಿ ಮುಂದ ರುಮಾಲು ತಗಿಯಂಗಿಲ್ಲವ್ವ."

ಸಾಹೇಬರು ಅಲ್ಲೇ ಮೌಖಿಕ ಆದೇಶ ಕೊಟ್ಟರು: ಆಳು ಎಂದರೆ ರುಮಾಲನ್ನು ಒಳಗೊಂಡು. ಆರು ಅಡಿ ಎರಡು ಇಂಚು ಬಂತು. ಮೊಳವನ್ನೂ ಅವರ ಕೈಯಿಂದಲೇ ಹಾಕಿಸಲಾಯಿತು; ಒಂದೂವರೆ ಅಡಿ. ಮಾಯಪ್ಪನವರ ಹೆಂಡತಿ ಭರಮವ್ವ ಇಷ್ಟೂ ಹೊತ್ತು ಮರಿಗೆ ಹಾಲು ಕುಡಿಸುತ್ತ ನೋಡುತ್ತಿದ್ದವಳು, "ಗ್ವಾಡಿ ಕಟ್ಟತೀರೋ, ಅಂಗಿ ಹೊಲಿತೀರೋ?" ಎಂದು ಕೇಳಿದಳು. ಅದನ್ನು ಕಡತದಲ್ಲಿ ಸೇರಿಸಲಿಲ್ಲ.

ಬೆಳಗಾವಿಗೆ ಬಂದು ಮಟ್ಟ ಮಾಡಿದೆವು. ಮಟ್ಟಕ್ಕೊಂದು ಹೆಸರು ಬೇಕು. ಯಾರೋ "ಮಾಯಪ್ಪ" ಎಂದು ಟೈಪ್ ಮಾಡಿದರು. ಆ ಹೊತ್ತಿಗೆ ಕಂಪ್ಯೂಟರಿನ ಮುಂದೆ ನಾನೊಬ್ಬನೇ ಇದ್ದೆ ಎಂಬುದು ಬೇರೆ ವಿಷಯ. ಆ ಕಡತವನ್ನು ಮುಂದಿನ ಎಲ್ಲ ಕಟ್ಟಡಗಳಿಗೂ ಮಾದರಿ ಎಂದು ಉಳಿಸಿಟ್ಟವರೂ ಅವರೇ ಇರಬೇಕು.

ಒಂದೇ ತಿಂಗಳಲ್ಲಿ ಉಪವಿಭಾಗದ ಇನ್ನೂರ ಹನ್ನೆರಡು ಗೋಡೆಗಳು ಮಾಯಪ್ಪನವರ ತಲೆಗೆ ಕಟ್ಟಿಕೊಂಡವು. ಅಂಗನವಾಡಿ, ಗೋದಾಮು, ಖಾನಾಪುರದ ಹೊಸ ವಿಶ್ರಾಂತಿಗೃಹ, ಎಲ್ಲವೂ. ಎರಡು ಅಂತಸ್ತಿನ ಕಟ್ಟಡವಾದರೆ ಮಾಯಪ್ಪನ ಮೇಲೆ ಮಾಯಪ್ಪ. ಗೋಕಾಕದ ಒಂದು ವಸತಿನಿಲಯದಲ್ಲಿ ಮೂವರು ಮಾಯಪ್ಪಂದಿರು ಒಬ್ಬರ ಹೆಗಲ ಮೇಲೊಬ್ಬರು ನಿಂತಿದ್ದಾರೆ. ನಕ್ಷೆ ನೋಡಿದವರಿಗೆ ಸರ್ಕಸ್ಸು ನೋಡಿದಷ್ಟೇ ಸಂತೋಷ. ಕಟ್ಟದೆ ಉಳಿದ ಗೋಡೆ ಒಂದೇ. ಮಾಯಪ್ಪನವರ ದೊಡ್ಡಿಯದು. ಅದಕ್ಕೆ ಮರು ಅಳತೆ ಬಾಕಿ ಇತ್ತು.

ಮರು ಅಳತೆಗೆ ಹೋದಾಗ ಮಾಯಪ್ಪನವರ ನಡ ಹಿಡಿದಿತ್ತು. ಮಟ್ಟ ಎರಡು ಇಂಚು ಇಳಿಯಿತು. ಇನ್ನೂರ ಹನ್ನೆರಡು ಗೋಡೆಗಳೂ ಪರದೆಯ ಮೇಲೆ ಎರಡು ಇಂಚು ಕುಸಿದವು. ಅದಾಗಲೇ ಕಟ್ಟಿದ್ದ ಗೋಡೆಗಳನ್ನು ಎರಡು ಇಂಚು ಕಡಿಯುವಂತೆ ಗುತ್ತಿಗೆದಾರ ಶಶಿಧರನಿಗೆ ನೋಟಿಸು ಹೋಯಿತು. ಕಡಿದ. ಮುಂದಿನ ಸಲ ಮಾಯಪ್ಪನವರು ನಂದಗಡದ ಸಂತೆಯಲ್ಲಿ ಕೊಂಡ ಹೊಸ ರುಮಾಲು ಸುತ್ತಿದ್ದರು. ನಾಲ್ಕು ಇಂಚು ಏರಿತು. ಏರಿಸಿದ. ಕಡಿಯುವುದಕ್ಕೊಂದು ದರ, ಏರಿಸುವುದಕ್ಕೊಂದು ದರ ಇರುವುದರಿಂದ ಶಶಿಧರನಿಗೆ ಮಾಯಪ್ಪನವರ ಮೇಲೆ ಹೆತ್ತ ಮಗನಿಗಿಂತ ಹೆಚ್ಚು ಪ್ರೀತಿ ಹುಟ್ಟಿತು. ದಿನಾ ನನಗೆ ಫೋನು.

"ತಮ್ಮಣ್ಣಾರ, ಅಜ್ಜನ ನಡಾ ಹೆಂಗೈತ್ರಿ?"

"ಇವತ್ತ ಸ್ವಲ್ಪ ಬಾಗೇತಿ."

"ದೇವರು ದೊಡ್ಡಾವ ಬಿಡ್ರಿ. ನಾಳಿಗೆ ಒಂದು ರುಮಾಲು ಕಳಸ್ತೀನಿ."

ಹೀಗೆ ಏರುತ್ತ ಇಳಿಯುತ್ತ ಜಿಲ್ಲೆಯ ಗೋಡೆಗಳು ಉಸಿರಾಡತೊಡಗಿದಾಗ ಸಾಹೇಬರು ಕಠಿಣ ಕ್ರಮ ಕೈಗೊಂಡರು. ಮಟ್ಟವು ಊರೂರು ಅಲೆಯುವುದು ಸರಿಯಲ್ಲ, ಕಚೇರಿಯಲ್ಲೇ ಇರಬೇಕು. ಜೀಪು ಹೋಗಿ ಮಾಯಪ್ಪನವರನ್ನು ಕರೆತಂದಿತು. ನೌಕರರೆಂದು ನೇಮಿಸಲು ಹುದ್ದೆ ಇರಲಿಲ್ಲ. ಆದ್ದರಿಂದ ಅಳತೆಯ ಉಪಕರಣವೆಂದು ದಾಸ್ತಾನು ವಹಿಗೆ ತೆಗೆದುಕೊಳ್ಳಲಾಯಿತು. "ಕುರ್ಚಿ, ಮುರಿದದ್ದು, ನಾಲ್ಕು" ಎಂಬುದರ ಕೆಳಗೆ "ಮಟ್ಟ, ಜೀವಂತ, ಒಂದು" ಎಂದು ನಾನೇ ಬರೆದೆ. ಉಪಕರಣ ನಿರ್ವಹಣೆಯ ಬಾಬ್ತಿನಲ್ಲಿ ಹೊತ್ತಿಗೆ ಎರಡು ರೊಟ್ಟಿ, ದಿನಕ್ಕೆ ಎರಡು ಚಹಾ. ರುಮಾಲಿನ ಗಂಟಿಗೆ ಅರಗಿನ ಮೊಹರು.

ಮಾಯಪ್ಪನವರು ಒಪ್ಪಿದ್ದು ಒಂದೇ ಕಾರಣಕ್ಕೆ. "ನಾ ಇಲ್ಲಿ ನಿಂತ್ರ ಗ್ವಾಡಿ ಲಗೂನ ಆಗತೈತೇನ್ರಿ?" ಎಂದು ಕೇಳಿದರು. "ನೀವ ನಿಂದರದಿದ್ರ ಗ್ವಾಡಿ ಹೆಂಗ ನಿಂದರತೈತಿ?" ಅಂದರು ಸಾಹೇಬರು. ಅದು ಅವರಿಗೆ ಸರಿ ಅನ್ನಿಸಿತು. ಸಾಹೇಬರ ಮಾತುಗಳು ಕೇಳಿದ ಕೂಡಲೇ ಎಲ್ಲರಿಗೂ ಸರಿ ಅನ್ನಿಸುತ್ತವೆ.

ಅವರನ್ನು ನಿಲ್ಲಿಸಿದ ಜಾಗದ ಮೇಲೆ, ಸೂರಿಗೆ, ಕೆಂಪು ಬೆಳಕಿನಿಂದ ದೂರ ಅಳೆಯುವ ಯಂತ್ರವೊಂದನ್ನು ಜೋಡಿಸಲಾಯಿತು. ರುಮಾಲಿನ ತುದಿ ಎಲ್ಲಿದೆ ಎಂದು ಅದು ಗಳಿಗೆ ಗಳಿಗೆಗೂ ಕಂಪ್ಯೂಟರಿಗೆ ಹೇಳುತ್ತಿತ್ತು. ಕಂಪ್ಯೂಟರು ಗೋಡೆಗಳಿಗೆ ಹೇಳುತ್ತಿತ್ತು. ಗೋಡೆ ಬದಲಾದರೆ ಗುತ್ತಿಗೆದಾರನ ಮೊಬೈಲಿಗೆ ನೋಟಿಸು ತಾನೇ ಹೋಗುತ್ತಿತ್ತು. ಅಜ್ಜ ಸೀನಿದರೆ ಗೋಕಾಕದ ವಸತಿನಿಲಯ ಅರ್ಧ ಇಂಚು ಕುಣಿಯುತ್ತಿತ್ತು. ಅವರು ಬಚ್ಚಲಿಗೆ ಹೊರಟಾಗ ಪೂರ್ಣಿಮಾ ಓಡಿಹೋಗಿ ತಂತಿ ಕೀಳಬೇಕು. ಅವರ ಹೊಟ್ಟೆ ಸರಿಯಿಲ್ಲದ ದಿನ ಜಿಲ್ಲೆಯ ಕಾಮಗಾರಿಗಳೆಲ್ಲ ಸ್ಥಗಿತ. ಸಂಜೆ ಐದೂವರೆಯ ಮೇಲೆ ಮಟ್ಟ ಮಲಗಬಹುದಿತ್ತು.

ಮೂರು ವಾರ ನಿಂತ ಮೇಲೆ ಮಾಯಪ್ಪನವರು ತಮ್ಮ ಗೋಡೆಯ ವಿಷಯ ಕೇಳಿದರು. ಸಾಹೇಬರು ಕಡತ ತರಿಸಿ ಓದಿದರು. ಎಲ್ಲ ಸರಿ ಇದೆ. ಒಂದೇ ಒಂದು ಅಡಚಣೆ. ನಿಯಮದ ಪ್ರಕಾರ ಕೆಲಸ ಶುರುವಾದಾಗಿನಿಂದ ಮುಗಿಯುವತನಕ ಅರ್ಜಿದಾರ ಕಟ್ಟುವ ಜಾಗದಲ್ಲಿ ಹಾಜರಿರಬೇಕು. ಇನ್ನೊಂದು ನಿಯಮದ ಪ್ರಕಾರ ಮಟ್ಟ ಕಚೇರಿಯಲ್ಲಿ ಹಾಜರಿರಬೇಕು.

"ಅರ್ಜಿದಾರ ಎಲ್ಲಿ?" ಎಂದು ಸಾಹೇಬರು ಮಾಯಪ್ಪನವರನ್ನೇ ಕೇಳಿದರು.

"ಇಲ್ಲೇ ಅದೀನಲ್ರಿ."

"ನೀವ ಮಟ್ಟ ಆದ್ರಿ. ಅರ್ಜಿದಾರ ಬಂದ್ರ ಹೇಳ್ರಿ, ಶುರು ಮಾಡೂಣು."

ಮೇ ತಿಂಗಳು ಮುಗಿಯಲು ಬಂದಿತ್ತು. ಖಾನಾಪುರದ ಕಡೆ ಮೋಡ ಕಟ್ಟತೊಡಗಿತ್ತು. ಮಳೆ ಹಿಡಿದರೆ ಅಲ್ಲಿ ಕುರಿ ಹೊರಗೆ ಹೋಗುವುದಿಲ್ಲ, ತೋಳ ಒಳಗೆ ಬರುತ್ತದೆ.

ಒಂದು ಮುಂಜಾನೆ ಭರಮವ್ವ ರೊಟ್ಟಿಯ ಗಂಟು ಹಿಡಿದು, ಎರಡು ಬಸ್ಸು ಬದಲಿಸಿ ಕಚೇರಿಗೆ ಬಂದಳು. ಒಳಗೆ ಬಿಡಲು ಯಾರನ್ನು ಕಾಣಬೇಕೆಂದು ಬರೆಸಬೇಕಿತ್ತು.

"ಯಾರ ಬೇಕವ್ವಾ?" ಅಂದೆ.

"ನಮ್ಮನಿಯವ್ರು."

"ಹೆಸರು?"

"ಹೆಸರು ಹೆಂಗ ಹೇಳ್ಲೋ ನಮ್ಮಪ್ಪಾ. ಗಂಡನ ಹೆಸರು ಬಾಯಾಗ ತರತಾರೇನು? ನಿಮ್ಮ ಎಲ್ಲಾ ಗ್ವಾಡಿ ಮ್ಯಾಲೆ ಬರದೀರಂತಲ್ಲ, ಆ ಹೆಸರಿನವ್ರು."

ಗೋಡೆ ಎಂದು ಬರೆದುಕೊಂಡು ಒಳಗೆ ಬಿಟ್ಟೆ. ಆಕೆ ನೆಟ್ಟಗೆ ಸಾಹೇಬರ ಮೇಜಿನ ಮುಂದೆ ನಿಂತಳು. "ನಿನ್ನೆ ಎರಡು ಮರಿ ಹ್ವಾದೂ ಸಾಹೇಬ್ರ. ಒಬ್ಬಾಕೀನ ಎಷ್ಟಂತ ಕಾಯ್ಲಿ? ಗ್ವಾಡಿ ಕೊಡ್ರಿ, ಇಲ್ಲಾ ಗಂಡನ್ನ ಕೊಡ್ರಿ."

ಪೂರ್ಣಿಮಾಗೆ ತಡೆಯಲಾಗಲಿಲ್ಲ. ಮಟ್ಟವನ್ನೇ ಅಳಿಸಿಬಿಡೋಣ ಎಂದು ಗುಂಡಿ ಒತ್ತಿದಳು. ಪರದೆಯ ಮೇಲೆ ಎಚ್ಚರಿಕೆ ಬಂತು: ಮಾಯಪ್ಪನನ್ನು ಅಳಿಸಿದರೆ ಆತನಿಗೆ ಕಟ್ಟಿದ ಇನ್ನೂರ ಹನ್ನೆರಡು ಗೋಡೆಗಳೂ, ಅವುಗಳ ಬಾಗಿಲು ಕಿಟಕಿಗಳೂ ಅಳಿಯುತ್ತವೆ; ಮುಂದುವರಿಯಬೇಕೇ? ಸಾಹೇಬರು ಮೇಜಿನಾಚೆಯಿಂದ ಹಾರಿ ಬಂದು ಇಲಿ ಹಿಡಿದಂತೆ ಮೌಸ್ ಹಿಡಿದುಕೊಂಡರು.

"ಸರ್, ಮಟ್ಟ ಬ್ಯಾಡಾದ್ರ ಗ್ವಾಡಿ ಬಿಡಿಸಿ ಒಂದು ಅಂಕಿ ಹಾಕಿದ್ರ ಮುಗೀತ್ರಿ," ಅಂದಳು ಪೂರ್ಣಿಮಾ. "ಏಳು ಅಡಿ ಎಂಟು ಇಂಚು. ಎಲ್ಲಾರೂ ಆರಾಮ."

"ಯಾರು ಹಾಕತೀರಿ?"

ಟೈಪು ಮಾಡುತ್ತಿದ್ದವರು ಕೈ ಎತ್ತಿ ಮಡಿಲಲ್ಲಿಟ್ಟುಕೊಂಡರು. ಪೂರ್ಣಿಮಾಳ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ತನ್ನ ಉಗುರು ನೋಡಿಕೊಂಡಳು. ಊರಿನ ಕೋತಿಚೇಷ್ಟೆಯೆಲ್ಲ ಮಾಡುವ ನಾನು ಫ್ಯಾನು ನೋಡಿದೆ. ಅದಕ್ಕೆ ಮೂರು ರೆಕ್ಕೆಗಳಿದ್ದವು.

ಭರಮವ್ವ ಎಲ್ಲರ ಮುಖ ಒಂದು ಸುತ್ತು ನೋಡಿದಳು. ಆಮೇಲೆ ಗಂಡನ ಹತ್ತಿರ ಹೋಗಿ, ನೆಲದ ಮೇಲೆ ರೊಟ್ಟಿಯ ಗಂಟು ಬಿಚ್ಚಿ, "ಕುಂದರ್ರಿ, ಉಣ್ರಿ," ಅಂದಳು.

ಮಾಯಪ್ಪನವರು ಕೂತರು.

ಪೂರ್ಣಿಮಾ ತಂತಿ ಕೀಳುವುದರೊಳಗೆ ಆಗುವುದು ಆಗಿಹೋಗಿತ್ತು. ಪರದೆಯ ಮೇಲೆ ಜಿಲ್ಲೆಯ ಗೋಡೆಗಳೆಲ್ಲ ಒಟ್ಟಿಗೆ ಚಕ್ಕಳಮಕ್ಕಳ ಹಾಕಿ ಕೂತವು. ಬಾಗಿಲುಗಳು ಗೋಡೆಗಿಂತ ಎತ್ತರವಾಗಿ ಆಕಾಶಕ್ಕೆ ತೆರೆದುಕೊಂಡವು. ಗೋಕಾಕದ ಮೂವರೂ ಒಬ್ಬರ ತೊಡೆಯ ಮೇಲೊಬ್ಬರು ಕೂತರು. ಇನ್ನೂರ ಹನ್ನೆರಡು ನೋಟಿಸುಗಳು ಹೊರಟವು: ನಾಲ್ಕು ಅಡಿ ಎಂಟು ಇಂಚು ಉಳಿಸಿ ಮೇಲಿನದ್ದನ್ನು ಕೂಡಲೇ ತೆಗೆಯತಕ್ಕದ್ದು.

ಶಶಿಧರ ಜನ್ಮದಲ್ಲಿ ಯಾವ ಕೆಲಸವನ್ನೂ ಅಷ್ಟು ಬೇಗ ಮಾಡಿದವನಲ್ಲ. ಮಾಯಪ್ಪನವರು ಎರಡನೇ ರೊಟ್ಟಿಗೆ ಕೈ ಹಾಕುವುದರೊಳಗೆ ಅವನ ಫೋನು ಬಂತು. "ಸಾಹೇಬ್ರ, ಖಾನಾಪುರದ ವಿಶ್ರಾಂತಿಗೃಹ ಕಡಿದು ಮುಗೀತ್ರಿ. ಮ್ಯಾಲಿನ ಛಾವಣಿ ಹಂಗ ಇಳಸೀವಿ. ಮುಂದಿಂದು ಯಾವ್ದು?"

ಸೋಮವಾರ ಮೇಲಧಿಕಾರಿಗಳು ಅದೇ ವಿಶ್ರಾಂತಿಗೃಹ ಉದ್ಘಾಟಿಸಲು ಬರುವವರಿದ್ದರು. ಸಾಹೇಬರು ಮಾಯಪ್ಪನವರ ಎದುರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತರು. ಅಧಿಕಾರಿಯೊಬ್ಬರು ದಾಸ್ತಾನಿನ ಉಪಕರಣದೊಂದಿಗೆ ಸಮನಾಗಿ ಕೂತದ್ದು ಅದೇ ಮೊದಲು.

"ಏಳ್ರಿ ಮಾಯಪ್ಪಾ."

"ಗ್ವಾಡಿ ಕಟ್ರಿ, ಏಳತೀನಿ."

"ಅರ್ಜಿದಾರ ಅಲ್ಲಿರಬೇಕು, ಮಟ್ಟ ಕಚೇರಿಯಾಗಿರಬೇಕು. ನಾ ಏನ್ ಮಾಡ್ಲಿ? ನಿಯಮ ಐತಿ."

"ನಾ ಹೆಂಗೂ ಒಬ್ಬನ ಅದೀನಿ. ನನ್ನ ಎರಡು ಮಾಡಾಕ ಬರಂಗಿಲ್ಲ," ಅಂದರು ಮಾಯಪ್ಪ, ಚಟ್ನಿ ಹಚ್ಚಿಕೊಳ್ಳುತ್ತ. "ಕಚೇರಿ ಏನ್ ಕುರಿ ಹಿಂಡಿಗಿಂತ ದೊಡ್ಡದೈತೇನ್ರಿ? ಎಬ್ಬಿಸಿಕೊಂಡು ನಡೀರಿ."

ಯಾವ ನಿಯಮವೂ ಇದಕ್ಕೆ ಅಡ್ಡ ಬರಲಿಲ್ಲ. ನಾವು ಎರಡು ತಾಸು ಹುಡುಕಿದೆವು.

ಶಿಬಿರ ಕಚೇರಿಯ ಆದೇಶವಾಯಿತು. ಟೆಂಪೋದಲ್ಲಿ ಕಂಪ್ಯೂಟರು, ಕಡತ, ಮುರಿದ ಕುರ್ಚಿ ನಾಲ್ಕು, ನಡುವೆ ಮಾಯಪ್ಪನವರು ನಿಂತು. ಕೆಂಪು ಬೆಳಕಿನ ಯಂತ್ರವನ್ನು ಅವರ ತಲೆಯ ಮೇಲೆ ಕಬ್ಬಿಣದ ಕಮಾನಿಗೆ ಕಟ್ಟಿದ್ದೆವು. ಬಚ್ಚಲಿನ ಹೊತ್ತು ಬಿಟ್ಟರೆ ಕಚೇರಿ ವೇಳೆಯಲ್ಲಿ ಅದನ್ನು ನಿಲ್ಲಿಸುವಂತಿರಲಿಲ್ಲ. ಬೆಳಗಾವಿ ದಾಟಿದ್ದೇ ತಡ, ಒಂದೊಂದು ತಗ್ಗಿಗೂ ಜಿಲ್ಲೆಯ ಗೋಡೆಗಳು ಜಿಗಿದವು. ಶಶಿಧರ ನಾಲ್ಕು ಸಲ ಕಡಿದು ಐದು ಸಲ ಏರಿಸಿದ. ಖಾನಾಪುರ ದಾಟುವಾಗ ಮಾಯಪ್ಪನವರು ನಂದಗಡದ ದಿಕ್ಕಿಗೆ ತಿರುಗಿ, ರಾಯಣ್ಣನ ಸಮಾಧಿಗೆಂದು ಕೈ ಮುಗಿದು ತಲೆ ಬಾಗಿಸಿದರು. ಆ ಗಳಿಗೆಯಲ್ಲಿ ಇನ್ನೂರ ಹನ್ನೆರಡು ಗೋಡೆಗಳೂ ಒಂದೂವರೆ ಅಡಿ ಬಾಗಿದವು. ಅದೊಂದನ್ನು ಮಾತ್ರ ಯಾರೂ ದೋಷವೆಂದು ಬರೆಯಲಿಲ್ಲ.

ಪಾರಿಶ್ವಾಡದಲ್ಲಿ ಅರ್ಜಿದಾರರೂ ಮಟ್ಟವೂ ಒಂದೇ ಜಾಗದಲ್ಲಿ ಹಾಜರಾದ್ದರಿಂದ ಕೆಲಸ ಶುರುವಾಯಿತು. ಮಾಯಪ್ಪನವರು ಹನ್ನೊಂದು ದಿನ ಅಲ್ಲಾಡದೆ ನಿಂತರು. ಗೌಂಡಿಗಳು ಅವರನ್ನು ನೋಡಿ ಕಲ್ಲಿಟ್ಟರು, ಮೇಲೆ ಅವರ ಕೈಯಿಂದ ಮೊಳ ಹಾಕಿಸಿದರು. ಹನ್ನೆರಡನೇ ದಿನ ಮಳೆ ಹಿಡಿಯಿತು. ಆ ಸಂಜೆ ತೋಳ ಬಂದು, ಗೋಡೆಯ ಬುಡದಲ್ಲಿ ಕೂತು, ಮೇಲೆ ನೋಡಿ ಎದ್ದುಹೋಯಿತು. ಮರುದಿನ ಅದು ಗೋಡೆಯ ಎತ್ತರದ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿತೆಂದರೆ ನೀವು ನಂಬಲಿಕ್ಕಿಲ್ಲ. ಸಾಹೇಬರು ನಂಬಿದ್ದಾರೆ. ಟಪಾಲು ವಹಿಯಲ್ಲಿ ನಮೂದಾಗಿದೆ, ಅಕ್ಷರ ನನ್ನದೇ.

ಸೋಮವಾರದ ಉದ್ಘಾಟನೆಯೂ ಸುಸೂತ್ರ ನಡೆದಿತ್ತು. ನೋಟಿಸುಗಳ ಗಡಿಬಿಡಿಯಲ್ಲಿ ವಿಶ್ರಾಂತಿಗೃಹವನ್ನು ಮತ್ತೆ ಏರಿಸುವುದು ಶಶಿಧರನಿಂದ ಉಳಿದುಹೋಗಿತ್ತು. ಮೇಲಧಿಕಾರಿಗಳು ಅದರೊಳಗೆ ಬಗ್ಗಿ ಹೋದರು. ಹಿಂದೆ ಬಂದವರೆಲ್ಲ ನಡ ಬಗ್ಗಿಸಿ, ಕೈ ಮೊಣಕಾಲಿಗೆ ಊರಿ ಒಳಬರುವುದನ್ನು ಕಂಡು ಅವರಿಗೆ ಕಣ್ಣು ತುಂಬಿ ಬಂತು. ಇಷ್ಟು ವಿನಯವನ್ನು ಯಾವ ಜಿಲ್ಲೆಯಲ್ಲೂ ಕಂಡಿಲ್ಲವೆಂದೂ, ಕಟ್ಟಡವನ್ನು ಇದ್ದ ಹಾಗೆಯೇ ಇಡತಕ್ಕದ್ದೆಂದೂ ಅಪ್ಪಣೆ ಕೊಟ್ಟರು. ಉಳಿದ ಗೋಡೆಗಳನ್ನೂ ಪರಿಶೀಲಿಸಲು ಹೇಳಿದರು. ಪರಿಶೀಲಿಸಿದಾಗ ಕಂಪ್ಯೂಟರಿನ ಲೆಕ್ಕಕ್ಕೂ ನೆಲದ ಲೆಕ್ಕಕ್ಕೂ ತಾಳೆಯಾಗುವ ಗೋಡೆ ಇಡೀ ಜಿಲ್ಲೆಯಲ್ಲಿ ಒಂದೇ ಸಿಕ್ಕಿತು. ಕುರಿದೊಡ್ಡಿಯದು.

ತಾಳೆಯಾಗದ ಕಟ್ಟಡದಲ್ಲಿ ಉಪವಿಭಾಗ ಕೂರುವಂತಿಲ್ಲ. ಹೀಗಾಗಿ ಶಿಬಿರ ಕಚೇರಿ ಕಾಯಂ ಆಯಿತು.

ಈಗ ನಾವು ಪಾರಿಶ್ವಾಡದ ದೊಡ್ಡಿಯ ಒಂದು ಮೂಲೆಯಲ್ಲಿ, ತಗಡಿನ ಕೆಳಗೆ ಇದ್ದೇವೆ. ಮಾಯಪ್ಪನವರು ಕೋಲಿಗೆ ಗದ್ದ ಊರಿ ಬಾಗಿಲ ಬಳಿ ನಿಂತಿರುತ್ತಾರೆ. ಕುರಿ ಕಾಯುವವನು ಹೇಗೂ ನಿಂತೇ ಇರುತ್ತಾನೆ, ಅದಕ್ಕೊಂದು ಆದೇಶ ಬೇಕೆಂದು ತಮಗೆ ಗೊತ್ತಿರಲಿಲ್ಲ ಅನ್ನುತ್ತಾರೆ. ಪೂರ್ಣಿಮಾಳ ನೌಕರಿ ಕಾಯಂ ಆಯಿತು. ಅವಳ ಕಾಲ ಬಳಿ ಯಾವಾಗಲೂ ಒಂದು ಮರಿ ಮಲಗಿರುತ್ತದೆ, ತಂತಿ ಕೀಳುವುದನ್ನು ಅದಕ್ಕೆ ಕಲಿಸಿದ್ದಾಳೆ. ಹಾಜರಿ ತೆಗೆದುಕೊಳ್ಳುವುದು ಭರಮವ್ವ. ಸಂಜೆ ಅಗಳಿ ಹಾಕುವ ಮೊದಲು ಎಣಿಸುತ್ತಾಳೆ: "ಎಂಬತ್ತನಾಕು ಕುರಿ, ಆರು ಆಪೀಸ್ನವ್ರು." ಮೊದಲ ದಿನ ಸಾಹೇಬರು ತಮ್ಮನ್ನು ಕುರಿಗಳ ಜೊತೆ ಎಣಿಸುವುದಕ್ಕೆ ತಕರಾರು ತೆಗೆದರು.

"ಬ್ಯಾರೆ ಬ್ಯಾರೆ ಎಣಿಸಿ ತಪ್ಪಿದ್ರ ಜವಾಬ್ದಾರಿ ಯಾರದ್ರಿ?" ಅಂದಳು ಭರಮವ್ವ.

ಸಾಹೇಬರು ಬಂದು ಸಾಲಿನಲ್ಲಿ ನಿಂತರು.

ಎಣಿಕೆಗೆ ಸಿಗದವರನ್ನು ತೋಳ ಒಯ್ದಿತೆಂದು ತಿಳಿದು, ಹೆಸರಿನ ಮುಂದೆ "ತೋಳ" ಎಂದು ಬರೆಯುವುದು ರೂಢಿ. ನಿನ್ನೆ ನಾನು ಚಹಾಪುಡಿ ತರಲು ಖಾನಾಪುರಕ್ಕೆ ಹೋಗಿ ಬರುವುದರೊಳಗೆ ಅಗಳಿ ಬಿದ್ದಿತ್ತು. ಗೋಡೆ ಹತ್ತಲು ನೋಡಿದೆ. ತುದಿ ಕೈಗೆ ಸಿಗಲಿಲ್ಲ. ಬಹಳ ಚಲೋ ಗೋಡೆ.

ಒಳಗಿನಿಂದ ಭರಮವ್ವನ ದನಿ ಬಂತು. "ಒಂದು ಕಮ್ಮಿ ಐತ್ರಿ ಸಾಹೇಬ್ರ."

"ತೋಳ ಅಂತ ಬರಸ್ರಿ."

"ನಾ ಇಲ್ಲೇ ಅದೀನ್ರಿ, ತಮ್ಮಣ್ಣ," ಅಂದೆ ಹೊರಗಿನಿಂದ.

ಒಳಗೆ ಸ್ವಲ್ಪ ಹೊತ್ತು ಚರ್ಚೆಯಾಯಿತು. ಆಮೇಲೆ ಸಾಹೇಬರು ಗೋಡೆಯ ಆಚೆಯಿಂದ ಸ್ಪಷ್ಟವಾಗಿ ಹೇಳಿದರು: "ಬರದಾತು. ಎರಡು ದಿನದ ತೋಳ ರಜಾ ಮಂಜೂರಾಗೇತಿ. ಅಲ್ಲಿ ತನಕ ಗ್ವಾಡಿಯಿಂದ ದೂರ ಇರ್ರಿ, ಕುರಿ ಅಂಜತಾವು."